ತೊಗಲಿನ ಗೋಡೆ

ಹೋದ ವರ್ಷದ ಸಂಕ್ರಾಂತಿಯನ್ನು ನಾನು ಬೆಳ್ಳಾವಿಯಲ್ಲಿ ಕಳೆದೆ. ಅಲ್ಲಿ ನಮ್ಮ ಸೋದರತ್ತೆಯ ಮನೆಯಿದೆ. ಸಂಜೆಯಾಗಿತ್ತು, ಎಳ್ಳು ಬೀರುವ ಹೊತ್ತು. ಜರಿಯ ಲಂಗವುಟ್ಟ ಹೆಣ್ಣುಮಕ್ಕಳು ತಟ್ಟೆಗಳ ಮೇಲೆ ಕರವಸ್ತ್ರ ಮುಚ್ಚಿಕೊಂಡು ಮನೆಯಿಂದ ಮನೆಗೆ ಓಡಾಡುತ್ತಿದ್ದರು. ಎಳ್ಳು, ಕೊಬ್ಬರಿ, ಬೆಲ್ಲ, ಹುರಿಗಡಲೆ, ಕಡಲೆಬೀಜಗಳನ್ನು ಹದವರಿತು ಬೆರೆಸುವುದರಲ್ಲಿ, ಸಕ್ಕರೆ ಅಚ್ಚು ಹೊಯ್ಯುವುದರಲ್ಲಿ ಆ ಬೀದಿಯಲ್ಲಿ ನಮ್ಮತ್ತೆಗೆ ಸಮನಾದವರಿಲ್ಲ. ಆದರೆ ಅಂದು ಅವರು ತಟ್ಟೆಯನ್ನು ಸೊಸೆಯ ಕೈಗೆ ಕೊಟ್ಟು ತಾವು ನಡುಮನೆಯ ಕಂಬದ ಮರೆಯಲ್ಲಿ ಕುಳಿತುಬಿಟ್ಟಿದ್ದರು. ಎರಡು ಕೈಗಳೂ ಸೆರಗಿನೊಳಗಿದ್ದವು.

"ಅತ್ತೆ, ನೀವು ಹೋಗಲಿಲ್ಲವೇ?" ಎಂದೆ.

"ನನ್ನ ಕೈಯಿಂದ ಯಾರು ಈಸಿಕೊಳ್ಳುತ್ತಾರೋ? ಹೋದ ಹಬ್ಬದಲ್ಲಿ ಮೂಲೆಮನೆಯಾಕೆ ನಾನು ಕೊಟ್ಟ ಎಳ್ಳಿನ ಪೊಟ್ಟಣವನ್ನು ಎರಡೇ ಬೆರಳಲ್ಲಿ ಹಿಡಿದು ಕಿಟಕಿಯ ಮೇಲಿಟ್ಟರು. ನಾನು ಹಿಂದಿರುಗಿ ನೋಡಬಾರದಾಗಿತ್ತು. ನೋಡಿಬಿಟ್ಟೆ ಕಣೋ."

ಬಹಳ ಒತ್ತಾಯಮಾಡಿದ ಮೇಲೆ ಅವರು ಕೈಗಳನ್ನು ಹೊರಗೆ ತೆಗೆದರು. ಅಂಗೈಯ ಚರ್ಮ ಈರುಳ್ಳಿಯ ಮೇಲಣ ಸಿಪ್ಪೆಯಂತೆ ಪದರಪದರವಾಗಿ ಎದ್ದು ನಿಂತಿತ್ತು. ಬೆರಳ ಗೆಣ್ಣುಗಳಲ್ಲಿ ಸೀಳು ಬಿಟ್ಟು ನೆತ್ತರು ಹೆಪ್ಪುಗಟ್ಟಿತ್ತು. ಮಣಿಕಟ್ಟಿನ ಬಳಿ ಬಿಳಿಯ ಹೊಟ್ಟು ಉದುರುತ್ತಿತ್ತು. ನಮ್ಮನ್ನೆಲ್ಲ ಎತ್ತಿ ಆಡಿಸಿದ, ತಲೆಗೆ ಎಣ್ಣೆಯೊತ್ತಿ ಎರೆದ ಕೈಗಳು ಅವು. ಆ ಕೈಗಳಿಗೆ ಸೆರಗಿನ ಮರೆ ಬೇಕಾಯಿತಲ್ಲ ಎಂದು ನನಗೆ ಬಹಳ ವ್ಯಥೆಯಾಯಿತು.

ಮಾರನೆಯ ದಿನವೇ ಅವರನ್ನು ತುಮಕೂರಿಗೆ ಕರೆದುಕೊಂಡು ಹೋಗಿ ಚರ್ಮವೈದ್ಯರೊಬ್ಬರಿಗೆ ತೋರಿಸಿದೆ. ಅಲ್ಲಿ ಕೇಳಿ ತಿಳಿದದ್ದನ್ನೂ ಆಮೇಲೆ ನಾನಾಗಿ ಓದಿಕೊಂಡದ್ದನ್ನೂ ಈ ವಾರ ವಾಚಕರ ಮುಂದಿಡುತ್ತೇನೆ. ನಾನು ಕನ್ನಡ ಪಾಠ ಹೇಳುವವನೇ ಹೊರತು ವೈದ್ಯನಲ್ಲ. ಆದರೆ ಮಾಗಿಯ ಚಳಿಯಲ್ಲಿ ಕೈಕಾಲು ಸುಲಿಯದ ಮನೆ ನಮ್ಮ ಸೀಮೆಯಲ್ಲಿ ಅಪರೂಪ. ಆ ಮನೆಗಳಲ್ಲಿ ಸೆರಗಿನೊಳಗೆ ಕೈ ಅಡಗಿಸಿಕೊಂಡು ಕುಳಿತವರು ಇನ್ನೆಷ್ಟು ಮಂದಿಯೋ!

ವೈದ್ಯರು ಮೊದಲು ಮದ್ದು ಬರೆಯಲಿಲ್ಲ. ಇದುವರೆಗೆ ಕೈಗೆ ಏನೇನು ಮಾಡಿದಿರಿ ಎಂದು ಕೇಳಿದರು. ಅತ್ತೆ ಸಂಕೋಚದಿಂದಲೇ ಹೇಳುತ್ತ ಹೋದರು. ಮೊದಮೊದಲು ಸುಲಿಯುತ್ತಿರುವುದು ಕೊಳೆಯೆಂದು ಭಾವಿಸಿ ತೆಂಗಿನ ನಾರಿನಿಂದ ಉಜ್ಜಿದರಂತೆ. ಉಜ್ಜಿದಷ್ಟೂ ಹೆಚ್ಚಾಯಿತು. ಯಾರೋ ಹೇಳಿದರೆಂದು ನಿಂಬೆಯ ರಸ ಹಿಂಡಿದರು. ಉರಿಯಿಂದ ರಾತ್ರಿಯೆಲ್ಲ ನಿದ್ದೆಯಿಲ್ಲ. ಇನ್ನಾರೋ ಬೆಳ್ಳುಳ್ಳಿ ಅರೆದು ಕಟ್ಟಿರೆಂದರು, ಬೊಕ್ಕೆಯೆದ್ದಿತು. ಕೊನೆಗೆ ಔಷಧದ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆಯೇ ಒಂದು ಟ್ಯೂಬು ಕೊಟ್ಟರು. ಹಚ್ಚಿದ ಮೂರನೆಯ ದಿನಕ್ಕೆ ಕೈ ಹೂವಿನಂತಾಯಿತು. ನಿಲ್ಲಿಸಿದ ವಾರಕ್ಕೆ ಮೊದಲಿಗಿಂತ ಕೆಟ್ಟಿತು. ಹೀಗೆ ಎಂಟು ತಿಂಗಳು ಹಚ್ಚುವುದು, ಬಿಡುವುದು, ಮತ್ತೆ ಹಚ್ಚುವುದು ನಡೆದಿತ್ತು.

ವೈದ್ಯರು ನಕ್ಕರು; ಹಂಗಿಸುವ ನಗೆಯಲ್ಲ. "ಅಮ್ಮಾ, ನಿಮ್ಮ ಕೈಗೆ ಬಂದ ಕಾಯಿಲೆ ಸಣ್ಣದು. ನೀವು ಅದಕ್ಕೆ ಮಾಡಿದ ಆರೈಕೆಯೇ ದೊಡ್ಡ ಕಾಯಿಲೆ" ಎಂದರು.

ಈ ಮಾತಿನ ಅರ್ಥ ತಿಳಿಯಬೇಕಾದರೆ ಚರ್ಮವೆಂದರೆ ಏನೆಂಬುದನ್ನು ಸ್ವಲ್ಪ ನೋಡಬೇಕು. ಚರ್ಮವೆಂಬುದು ಸಂಸ್ಕೃತದಿಂದ ಬಂದ ಶಬ್ದ. ನಮ್ಮದೇ ಆದ ಹಳೆಯ ಮಾತು ತೊಗಲು. ಈ ತೊಗಲಿನ ತೀರ ಹೊರಗಿನ ಪದರ ಅಂಗೈ ಅಂಗಾಲುಗಳನ್ನು ಬಿಟ್ಟರೆ ಮಿಕ್ಕೆಡೆ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿನಷ್ಟು ಮಾತ್ರ ದಪ್ಪ. ಅದು ಸತ್ತ ಕಣಗಳಿಂದಾದುದು. ಚರ್ಮವೈದ್ಯರು ಅದನ್ನು ಇಟ್ಟಿಗೆಯ ಗೋಡೆಗೆ ಹೋಲಿಸುತ್ತಾರೆ. ಚಪ್ಪಟೆಯಾದ ಕಣಗಳು ಇಟ್ಟಿಗೆಗಳು. ಅವುಗಳ ನಡುವೆ ತುಂಬಿರುವ ಒಂದು ಬಗೆಯ ಜಿಡ್ಡೇ ಗಾರೆ. ಒಳಗಿನ ನೀರು ಹೊರಗೆ ಆರಿಹೋಗದಂತೆಯೂ, ಹೊರಗಿನ ಖಾರ, ಕ್ಷಾರ, ಧೂಳು, ಕ್ರಿಮಿಗಳು ಒಳಗೆ ನುಗ್ಗದಂತೆಯೂ ಕಾಯುವುದು ಈ ಗೋಡೆ. ಕೆಳಗಿನಿಂದ ಹೊಸ ಇಟ್ಟಿಗೆ ಏರಿ ಬಂದು ಮೇಲಿನದು ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಹಾವು ಪೊರೆ ಬಿಡುವುದನ್ನು ನಾವು ಬೆರಗಿನಿಂದ ನೋಡುತ್ತೇವೆ. ನಾವೂ ದಿನದಿನವೂ ಪೊರೆ ಬಿಡುವವರೇ. ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಬಿಡುತ್ತೇವೆ, ಅಷ್ಟೆ.

ಗಾರೆ ಕರಗಿದಾಗ ಇಟ್ಟಿಗೆಗಳು ಹೊತ್ತಿಗೆ ಮುಂಚೆ ಗುಂಪುಗುಂಪಾಗಿ ಕಳಚುತ್ತವೆ. ಚರ್ಮ ಸುಲಿಯುವುದೆಂದರೆ ಇದೇ. ಅದು ಕೊಳೆಯಲ್ಲ, ಕುಸಿಯುತ್ತಿರುವ ಗೋಡೆ. ಕುಸಿಯುವ ಗೋಡೆಯನ್ನು ನಾರು ಹಾಕಿ ಉಜ್ಜಿದರೆ ನಿಂತೀತೆ?

ಗಾರೆಯನ್ನು ಕರಗಿಸುವವರಲ್ಲಿ ಮೊದಲನೆಯದು ಬಿಸಿನೀರು, ಎರಡನೆಯದು ಸಾಬೂನು. ಆರೋಗ್ಯವಂತ ಚರ್ಮ ಸ್ವಲ್ಪ ಹುಳಿ, ಎಂದರೆ ಆಮ್ಲಗುಣದ್ದು. ಸಾಮಾನ್ಯ ಸಾಬೂನು ಕ್ಷಾರಗುಣದ್ದು. ಪಾತ್ರೆ ಉಜ್ಜುವ ಪುಡಿ ಇನ್ನೂ ಕಠಿಣ. ನಮ್ಮತ್ತೆ ದಿನಕ್ಕೆ ಮೂರು ಹೊತ್ತು ಪಾತ್ರೆ ಬೆಳಗುತ್ತಾರೆ, ಬಟ್ಟೆ ಒಗೆಯುತ್ತಾರೆ, ಹಟ್ಟಿ ತೊಳೆಯುತ್ತಾರೆ. ಸಾಲದೆಂಬಂತೆ ಕೊಳವೆಬಾವಿಯ ಗಡಸು ನೀರು. ಅದರಲ್ಲಿ ನೊರೆ ಏಳದು. ಏಳದೆಂದು ನಾವು ಇನ್ನಷ್ಟು ಸಾಬೂನು ತಿಕ್ಕುತ್ತೇವೆ. ನೀರಿನ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ ಬಿಳಿಯ ಕಿಟ್ಟವಾಗಿ ಮೈಮೇಲೆ ಉಳಿಯುತ್ತದೆ. ಹಾಗೆಂದು ನೀರು ಮೆದುಗೊಳಿಸುವ ಯಂತ್ರಕ್ಕೆ ಹಣ ಸುರಿಯಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಇಸುಬು ಇದ್ದ 336 ಮಕ್ಕಳ ಮೇಲೆ ಇಂಥ ಯಂತ್ರವನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ವಾಡಿಕೆಯ ಆರೈಕೆಗಿಂತ ಹೆಚ್ಚಿನ ಪ್ರಯೋಜನವೇನೂ ಕಂಡುಬರಲಿಲ್ಲ. ನೀರನ್ನು ಬದಲಾಯಿಸುವುದಕ್ಕಿಂತ ಸಾಬೂನನ್ನು ಕಡಮೆ ಮಾಡುವುದು ಸುಲಭ, ಖರ್ಚೂ ಇಲ್ಲ.

ಇನ್ನು ಮನೆಯಲ್ಲಿ ಮಾಡಬೇಕಾದ ಆರೈಕೆ. ವೈದ್ಯರು ಹೇಳಿದ್ದನ್ನು ನಾನು ಒಂದು ಕಾಗದದ ಮೇಲೆ ಬರೆದು ಅತ್ತೆಯ ಅಡಿಗೆಮನೆಯ ಬಾಗಿಲಿಗೆ ಅಂಟಿಸಿದೆ. ಅದರ ಸಾರ ಇಷ್ಟು.

ಸ್ನಾನಕ್ಕೆ ಉಗುರುಬೆಚ್ಚಗಿನ ನೀರು ಸಾಕು. ಹತ್ತು ನಿಮಿಷ ಮೀರಬಾರದು. ಹಂಡೆಯಲ್ಲಿ ಕುದಿಯುವ ನೀರನ್ನು ಮೈಮೇಲೆ ಹೊಯ್ದುಕೊಂಡಾಗ ತುರಿಕೆಗೆ ಹಿತವಾಗಿ ತೋರುತ್ತದೆ. ಅರ್ಧ ಗಂಟೆಯ ಮೇಲೆ ಇಮ್ಮಡಿಯಾಗಿ ಮರಳುತ್ತದೆ. ಸಾಬೂನನ್ನು ಕಂಕುಳು, ತೊಡೆಯ ಸಂದು, ಪಾದಗಳಿಗೆ ಮಾತ್ರ ಬಳಸಿ. ಅದೂ ಪರಿಮಳವಿಲ್ಲದ ಸೌಮ್ಯವಾದದ್ದಾಗಿರಲಿ. ಮೈಯುಜ್ಜುವ ಕಲ್ಲನ್ನೂ ನಾರನ್ನೂ ಬಚ್ಚಲುಮನೆಯಿಂದ ಹೊರಗಿಡಿ. ಎದ್ದುನಿಂತ ಸಿಪ್ಪೆಯನ್ನು ಕಿತ್ತೆಳೆಯಬೇಡಿ. ಅದರೊಡನೆ ಹಸಿಯ ಚರ್ಮವೂ ಹರಿದು ಬರುತ್ತದೆ. ತೀರ ತೊಡಕಾದರೆ ಶುಚಿಯಾದ ಕತ್ತರಿಯಿಂದ ತುದಿಯನ್ನಷ್ಟೇ ಕತ್ತರಿಸಿ.

ಮಿಂದ ಮೇಲೆ ಮೃದುವಾದ ಹತ್ತಿಯ ಬಟ್ಟೆಯಿಂದ ನೀರನ್ನು ಒತ್ತಿ ತೆಗೆಯಬೇಕು, ಒರಸಬಾರದು. ಮೈಯಲ್ಲಿ ಇನ್ನೂ ತುಸು ತೇವವಿರುವಾಗಲೇ, ಮೂರು ನಾಲ್ಕು ನಿಮಿಷಗಳೊಳಗೆ, ಜಿಡ್ಡು ಹಚ್ಚಬೇಕು. ಜಿಡ್ಡು ಹೊಸದಾಗಿ ನೀರನ್ನು ತರುವುದಿಲ್ಲ. ಇರುವ ನೀರನ್ನು ಹಿಡಿದಿಡುತ್ತದೆ. ಒಣಗಿದ ಮೇಲೆ ಹಚ್ಚಿದರೆ ಖಾಲಿ ಕಣಜಕ್ಕೆ ಬೀಗ ಹಾಕಿದಂತೆ. ಪರಿಮಳವಿಲ್ಲದ ಬಿಳಿಯ ಪೆಟ್ರೋಲಿಯಂ ಜೆಲ್ಲಿ ಅಗ್ಗವಾದದ್ದು, ಬಹಳ ಮಂದಿಯ ಚರ್ಮಕ್ಕೆ ಒಗ್ಗುವಂಥದು. ಕೈಗಳಿಗೆ ಪ್ರತಿಸಲ ತೊಳೆದ ಮೇಲೂ ಹಚ್ಚಬೇಕು. ರಾತ್ರಿ ಧಾರಾಳವಾಗಿ ಬಳಿದು, ತೆಳುವಾದ ಹತ್ತಿಯ ಕೈಚೀಲ ತೊಟ್ಟು ಮಲಗಬೇಕು. ಜಿಡ್ಡು ಹೀರಿಕೊಂಡ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆಯಾದ್ದರಿಂದ ಅದನ್ನು ತೊಟ್ಟು ಒಲೆಯ ಬಳಿಗೋ ದೇವರ ದೀಪದ ಬಳಿಗೋ ಹೋಗಕೂಡದು.

ಪಾತ್ರೆ ತೊಳೆಯುವಾಗ ರಬ್ಬರಿನ ಕೈಚೀಲ, ಅದರೊಳಗೆ ಹತ್ತಿಯದು. ರಬ್ಬರೊಂದೇ ಆದರೆ ಬೆವರು ನಿಂತು ಅದೇ ಕೇಡಾಗುತ್ತದೆ. ಅದನ್ನು ತೊಟ್ಟುಕೊಂಡು ಒಂದೇ ಸಮನೆ ಹೊತ್ತು ಕಳೆಯದೆ ನಡುನಡುವೆ ಕೈಗೆ ಗಾಳಿ ಬಿಡಬೇಕು.

"ಎಣ್ಣೆ ಹಚ್ಚಬಹುದೇ ಡಾಕ್ಟರೇ? ನಮ್ಮದು ತೆಂಗಿನ ಸೀಮೆ" ಎಂದು ಅತ್ತೆ ಕೇಳಿದರು. ಹಚ್ಚಬಹುದು. ಫಿಲಿಪೈನ್ಸಿನಲ್ಲಿ ಇಸುಬು ಇದ್ದ 117 ಮಕ್ಕಳ ಮೇಲೆ ಪ್ರಯೋಗ ನಡೆಸಿ 2014ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹಸಿ ಕಾಯಿಯ ಶುದ್ಧ ಕೊಬ್ಬರಿ ಎಣ್ಣೆ ಖನಿಜ ತೈಲಕ್ಕಿಂತ ಹೆಚ್ಚು ಗುಣ ತೋರಿತು. ಎಲ್ಲ ಎಣ್ಣೆಗಳೂ ಹಾಗಲ್ಲ. ದುಬಾರಿಯಾದ ಆಲಿವ್ ಎಣ್ಣೆ ಈ ಗೋಡೆಯನ್ನು ಇನ್ನಷ್ಟು ಸಡಿಲಗೊಳಿಸುತ್ತದೆಂದು 2013ರ ಒಂದು ಅಧ್ಯಯನ ತೋರಿಸಿದೆ. ಯಾವುದೇ ಹೊಸ ಎಣ್ಣೆ ಅಥವಾ ಮುಲಾಮನ್ನು ಮೊದಲು ಮೊಳಕೈಯ ಒಳಭಾಗದಲ್ಲಿ ಒಂದು ಕಾಸಿನಗಲ ಹಚ್ಚಿ, ಕೆಲವು ದಿನ ನೋಡಿ, ಕೆಂಪಾಗದಿದ್ದರೆ ಮಾತ್ರ ಮುಂದುವರಿಯಬೇಕು. ಬಿರುಕಿನಲ್ಲಿ ಕೀವಿದ್ದರೆ ಎಣ್ಣೆಯ ಗೊಡವೆಗೆ ಹೋಗಬಾರದು.

ಈ ಮಾತು ಕೇಳಿದಾಗ ನನಗೆ ಬೆಳ್ಳಾವಿಯದೇ ಒಂದು ನೆನಪು ಬಂದಿತು. 1934ರಲ್ಲಿ ತೆರೆಗೆ ಬಂದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ಕ್ಕೆ ಸಂಭಾಷಣೆಯನ್ನೂ ಹಾಡುಗಳನ್ನೂ ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳ ಹೆಸರಿನಲ್ಲೇ ಈ ಊರಿದೆ. ಅವರು ಗುಬ್ಬಿ ಕಂಪೆನಿಗೂ ನಾಟಕಗಳನ್ನು ಬರೆದುಕೊಟ್ಟವರು. ನಮ್ಮ ಕಡೆಯ ಬಣ್ಣದ ನಟರು ಬೆಳಗಿನ ಜಾವ ವೇಷ ಕಳಚುವಾಗ ಮುಖವನ್ನು ಸಾಬೂನು ಹಾಕಿ ತಿಕ್ಕುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ ಬಣ್ಣವನ್ನು ಸಡಿಲಿಸಿ ಹಗುರವಾಗಿ ಒರಸುತ್ತಾರೆ. ದಿನದಿನವೂ ಬಣ್ಣ ಹಚ್ಚುವವರಿಗೆ ಮುಖವೇ ಬಂಡವಾಳ. ಆದುದರಿಂದ ಉಜ್ಜಬಾರದೆಂಬುದನ್ನು ಅವರು ಅನುಭವದಿಂದ ಕಲಿತರು. ಅಭ್ಯಂಜನದಲ್ಲಿಯೂ ಎಣ್ಣೆಯೇ ಮೊದಲು. ಕೇಡು ಬಂದದ್ದು ಆ ಎಣ್ಣೆಯ ಕಡೆಯ ಹನಿಯನ್ನೂ ಬಿಡದಂತೆ ಸುಡುನೀರಿನಲ್ಲಿ ತಿಕ್ಕಿ ತೆಗೆಯುವ ನಮ್ಮ ಹಟದಿಂದ.

ಗಾರೆ ಮೆತ್ತುವುದರ ಜೊತೆಗೆ ಗೋಡೆ ಕೆಡವಿದವನನ್ನೂ ಹುಡುಕಬೇಕು. ಇದಕ್ಕೆ ಪತ್ತೇದಾರಿಕೆ ಬೇಕು. ಅದನ್ನು ಮನೆಯವರಿಗಿಂತ ಚೆನ್ನಾಗಿ ಬೇರೆಯವರು ಮಾಡಲಾರರು. ಎಡಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ತುದಿ ಮಾತ್ರ ಸುಲಿಯುತ್ತಿದ್ದರೆ ಬಲಗೈಯಲ್ಲಿ ಚಾಕು ಹಿಡಿದು ಬೆಳ್ಳುಳ್ಳಿ ಬಿಡಿಸುವವರಾಗಿರಬಹುದು. ಹಣೆಯ ನಡುವೆ ಆದರೆ ಕುಂಕುಮ ಅಥವಾ ಅಂಟಿಸುವ ಬೊಟ್ಟು. ಕಿವಿಯ ಹಾಲೆಯಲ್ಲಾದರೆ ಅಗ್ಗದ ಲೋಹದ ಓಲೆ. ನೆತ್ತಿಯ ಅಂಚಿನಲ್ಲಾದರೆ ಕೂದಲಿಗೆ ಹಚ್ಚುವ ಕಪ್ಪು ಬಣ್ಣ. ಪಾದದ ಮೇಲೆ ಪಟ್ಟಿಯ ಆಕಾರದಲ್ಲಾದರೆ ಚಪ್ಪಲಿ.

ಹೊಲಕ್ಕೆ ಹೋಗುವ ಗಂಡಸರ ರೆಪ್ಪೆ, ಕತ್ತು, ಮೊಳಕೈ ಮಡಿಕೆಗಳು ಕೆರೆದು ದಪ್ಪಗಟ್ಟಿ ಹೊಟ್ಟುದುರಿಸುತ್ತಿದ್ದರೆ ಕಾಂಗ್ರೆಸ್ ಗಿಡವನ್ನು ಶಂಕಿಸಬೇಕು. ಈ ಪಾರ್ಥೇನಿಯಂ ಕಳೆ 1950ರ ದಶಕದಲ್ಲಿ ಪುಣೆಯ ಕಡೆ ಕಾಣಿಸಿಕೊಂಡು ನಮ್ಮ ನಾಡನ್ನೆಲ್ಲ ಹಬ್ಬಿತು. ಕರ್ನಾಟಕ ಸರ್ಕಾರ 1975ರಲ್ಲಿಯೇ ಅದನ್ನು ಉಪದ್ರವಕಾರಿ ಕಳೆಯೆಂದು ಸಾರಿತು. 1984ರಲ್ಲಿ ಅದನ್ನು ತಿನ್ನುವ ಮೆಕ್ಸಿಕೋ ದೇಶದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಡಲಾಯಿತು. ಕಳೆ ಮಾತ್ರ ಇನ್ನೂ ನಮ್ಮ ರಸ್ತೆಯ ಬದಿಯಲ್ಲಿ ಬಿಳಿಯ ಹೂ ಮುಡಿದು ನಿಂತಿದೆ. ಅದನ್ನು ಮುಟ್ಟಲೇಬೇಕೆಂದಿಲ್ಲ; ಒಣಗಿದ ಅದರ ಧೂಳು ಗಾಳಿಯಲ್ಲಿ ಬಂದರೂ ಸಾಕು. ತುಂಬುತೋಳಿನ ಅಂಗಿ ತೊಡುವುದು, ಮನೆಗೆ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಿಸುವುದು, ಹೊಲದ ಬಟ್ಟೆಯನ್ನು ಹಾಸಿಗೆಯ ಮೇಲೆ ಎಸೆಯದಿರುವುದು, ಇವು ಮುಲಾಮಿಗಿಂತ ಮೊದಲು ಆಗಬೇಕಾದ ಕೆಲಸಗಳು.

ಈಗ ಆ ಟ್ಯೂಬಿನ ವಿಚಾರ. ಅದರಲ್ಲಿದ್ದದ್ದು ತೀಕ್ಷ್ಣವಾದ ಸ್ಟೀರಾಯ್ಡ್. ಜೊತೆಗೆ ಬೂಷ್ಟಿಗೊಂದು, ಕ್ರಿಮಿಗೊಂದು ಮದ್ದು ಬೆರೆಸಿದ್ದರು. ಸ್ಟೀರಾಯ್ಡ್ ಶತ್ರುವಲ್ಲ. ವೈದ್ಯರು ಹೇಳಿದ ಜಾಗಕ್ಕೆ, ಹೇಳಿದಷ್ಟು ದಿನ ಹಚ್ಚಿದರೆ ಉರಿಯನ್ನು ಅದರಷ್ಟು ಬೇಗ ಆರಿಸುವ ಮದ್ದು ವಿರಳ. ನಮ್ಮತ್ತೆಗೂ ವೈದ್ಯರು ಅದನ್ನೇ ಬರೆದರು. ಆದರೆ ಅದಕ್ಕೆ ಅಳತೆಯಿದೆ, ಅವಧಿಯಿದೆ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಮು. ಬೆರಳುಗಳೂ ಸೇರಿ ಎರಡು ಅಂಗೈಯಗಲದ ಜಾಗಕ್ಕೆ ಅದು ಸಾಕು. ಅಳತೆ ಅವಧಿಗಳಿಲ್ಲದೆ ತಿಂಗಳುಗಟ್ಟಲೆ ಬಳಿದರೆ ಚರ್ಮ ಕಾಗದದಂತೆ ತೆಳುವಾಗುತ್ತದೆ. ಹುಳುಕಡ್ಡಿಯ ಮೇಲೆ ಹಚ್ಚಿದರೆ ಅದು ಗುರುತು ಮರೆಸಿಕೊಂಡು ಮೈಯೆಲ್ಲ ಹಬ್ಬುತ್ತದೆ. ಬೆಳ್ಳಗಾಗಲೆಂದು ಮುಖಕ್ಕೆ ಬಳಿದುಕೊಂಡು ಕೆಂಡದಂತೆ ಕೆಂಪಾದ ಮುಖಗಳನ್ನು ಹೊತ್ತು ಬರುವ ಹೆಣ್ಣುಮಕ್ಕಳು ಒಬ್ಬಿಬ್ಬರಲ್ಲವೆಂದು ವೈದ್ಯರು ಹೇಳಿದರು. ಇದನ್ನು ಕಂಡೇ ಕೇಂದ್ರ ಸರ್ಕಾರ 2018ರಲ್ಲಿ ಹದಿನಾಲ್ಕು ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಅಂಗಡಿಯವರು ಚೀಟಿ ಕೇಳದಿದ್ದರೂ ನಾವು ಕೇಳಿಕೊಳ್ಳಬೇಕು.

ಮನೆಯ ಆರೈಕೆಗೂ ಒಂದು ಎಲ್ಲೆಯುಂಟು. ಕೀವು, ಜ್ವರ, ಬಾವು ಕಂಡರೆ ತಡಮಾಡಬಾರದು. ಹೊಸ ಮಾತ್ರೆ ನುಂಗಿದ ಕೆಲವು ದಿನ ಅಥವಾ ವಾರಗಳಲ್ಲಿ ಮೈ ಕೆಂಪಾಗಿ ಸುಲಿದು, ಬಾಯಲ್ಲಿ ಕಣ್ಣಲ್ಲಿ ಹುಣ್ಣೆದ್ದರೆ ಅದು ಪ್ರಾಣದ ಪ್ರಶ್ನೆ. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಬಿಡದ ಜ್ವರದ ಬೆನ್ನಲ್ಲೇ ಎಳೆಯ ಮಗುವಿನ ಬೆರಳ ತುದಿ ಸುಲಿದರೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಎರಡು ಮೂರು ವಾರ ಆರೈಕೆ ಮಾಡಿದರೂ ತಗ್ಗದ ಸುಲಿತವನ್ನೂ ವೈದ್ಯರು ನೋಡಲಿ. ಅದು ಇಸುಬೋ, ಸೋರಿಯಾಸಿಸೋ, ಹುಳುಕಡ್ಡಿಯೋ ಎಂಬುದನ್ನು ಬರಿಗಣ್ಣಿನಿಂದ ನಾವು ತೀರ್ಮಾನಿಸಲಾಗದು.

ಕೊನೆಯದಾಗಿ ಮೂಲೆಮನೆಯಾಕೆಯ ಎರಡು ಬೆರಳಿನ ವಿಚಾರ. ಕಜ್ಜಿ ಅಂಟುತ್ತದೆ, ಹುಳುಕಡ್ಡಿ ಅಂಟುತ್ತದೆ, ಎರಡಕ್ಕೂ ಮದ್ದುಂಟು. ಇಸುಬು ಅಂಟುವುದಿಲ್ಲ. ಸೋರಿಯಾಸಿಸ್ ಅಂಟುವುದಿಲ್ಲ. ಆ ಕೈಯನ್ನು ಹಿಡಿದರೂ, ಅದು ಬಡಿಸಿದ್ದನ್ನು ಉಂಡರೂ ಏನೂ ಬರುವುದಿಲ್ಲ. ಜನರು ಸುಲಿದ ಚರ್ಮ ಕಂಡು ಹಿಂಜರಿಯುವುದು ಮನಸ್ಸಿನಲ್ಲಿ ಕುಷ್ಠದ ಹಳೆಯ ಭಯ ಇರುವುದರಿಂದ. ಕುಷ್ಠದ ಗುರುತು ಬೇರೆ. ಸ್ಪರ್ಶಜ್ಞಾನವಿಲ್ಲದ ಮಚ್ಚೆ ಅದರ ಮುಖ್ಯ ಲಕ್ಷಣ. ಅದಕ್ಕೂ 1980ರ ದಶಕದಿಂದ ಬಹು ಔಷಧಗಳ ಚಿಕಿತ್ಸೆಯಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ, ಪೂರ್ತಿ ಗುಣವಾಗುತ್ತದೆ. ಹೆದರಬೇಕಾದ ಕಾರಣಗಳು ಕಡಮೆಯಾಗಿವೆ. ಹೆದರಿಕೆ ಮಾತ್ರ ಕಡಮೆಯಾಗಿಲ್ಲ.

ಅತ್ತೆಯ ಕೈ ಒಂದೇ ತಿಂಗಳಿಗೆ ವಾಸಿಯಾಗಲಿಲ್ಲ. ಎರಡು ಸಲ ಮರುಕಳಿಸಿತು; ಎರಡು ಸಲವೂ ರಬ್ಬರಿನ ಕೈಚೀಲವನ್ನು ಬದಿಗಿಟ್ಟು ಮದುವೆಮನೆಯ ಪಾತ್ರೆಗೆ ಕೈಹಾಕಿದ್ದರು. ಮೇಲೆ ಒಣಗಿದಂತೆ ಕಂಡರೂ ಒಳಗಿನ ಗೋಡೆ ಗಟ್ಟಿಯಾಗಲು ಕೆಲವು ತಿಂಗಳು ಬೇಕೆಂದು ವೈದ್ಯರು ಗದರಿದರು. ದೀಪಾವಳಿಯ ಹೊತ್ತಿಗೆ ಬಿರುಕುಗಳು ಮುಚ್ಚಿದವು. ಮನೆಯ ಪಾತ್ರೆ ತೊಳೆಯುವ ಕೆಲಸವನ್ನು ಒಂದು ಹೊತ್ತು ಮಗ ವಹಿಸಿಕೊಂಡ. ಮದ್ದುಗಳಲ್ಲೆಲ್ಲ ಇದೇ ದೊಡ್ಡದೆಂದು ನನ್ನ ಅಭಿಪ್ರಾಯ.

ಈ ಸಂಕ್ರಾಂತಿಗೂ ಬೆಳ್ಳಾವಿಗೆ ಹೋದೆ. ಅಂಗೈ ಇನ್ನೂ ಸ್ವಲ್ಪ ಒರಟು. ಮಾಗಿಯ ಗಾಳಿಗೆ ಅಂಚಿನಲ್ಲಿ ತುಸು ಹೊಟ್ಟು. ಅತ್ತೆ ತಟ್ಟೆ ಹಿಡಿದು ತಾವೇ ಹೊರಟರು. ನಾನೂ ಜೊತೆಗೆ ಹೋದೆ. ಮೂಲೆಮನೆಯ ಬಾಗಿಲಲ್ಲಿ ಒಂದು ಗಳಿಗೆ ನಿಂತರು. ಆಕೆ ಹೊರಗೆ ಬಂದು ಅತ್ತೆಯ ಕೈಯನ್ನು ನೋಡಿ, ತಮ್ಮ ಮೊಮ್ಮಗಳನ್ನು ಕರೆದು, ಮಗುವಿನ ಮೊಳಕೈ ಮಡಿಕೆಯನ್ನು ತೋರಿಸಿದರು. ಅಲ್ಲಿಯೂ ಕೆಂಪಗೆ ಕೆರೆದು ಸುಲಿದಿತ್ತು.

"ನೀವು ಏನು ಹಚ್ಚಿದಿರಿ, ಸ್ವಲ್ಪ ಹೇಳಿ" ಎಂದರು.

ಅತ್ತೆ ತಟ್ಟೆಯನ್ನು ನನ್ನ ಕೈಗೆ ಕೊಟ್ಟು, ಮಗುವಿನ ತೋಳನ್ನು ತಮ್ಮ ಅಂಗೈಯಲ್ಲಿ ಹಿಡಿದುಕೊಂಡು, "ಮೊದಲು ಉಜ್ಜೋದನ್ನು ಬಿಡಿ" ಎಂದು ಆರಂಭಿಸಿದರು. ನಾವು ಆ ಮನೆಯಿಂದ ಹೊರಡುವ ವೇಳೆಗೆ ಕತ್ತಲಾಗಿತ್ತು.